ಅಂಗಳದಲ್ಲಿ ಮಕ್ಕಳಿಗೆ ಡೇರೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಕ್ರಿಸ್ಮಸ್ ಪರೀಕ್ಷೆ ಮುಗಿದು ಶಾಲೆಗೆ ರಜೆ ಸಿಕ್ಕಿದಾಗ ಪುಟ್ಟ ಮಕ್ಕಳನ್ನು ಒಂದು ರಾತ್ರಿ ಮನೆಯಂಗಳದಲ್ಲೇ ಡೇರೆ ಹಾಕಿ ಮಲಗಿಸುವ ಆಸೆ ಹಲವು ಅಪ್ಪ ಅಮ್ಮಂದಿರಿಗಿದೆ. ಖಂಡಿತ ಮಾಡಬೇಕಾದ ಕೆಲಸ. ಆದರೆ ಅಂಗಡಿಯಿಂದ ತಂದ ಡೇರೆಯ ಜೊತೆ ಬರುವ ಸೂಚನೆಗಳು ಚಳಿ ದೇಶದ ಹುಲ್ಲುಹಾಸನ್ನು ನೋಡಿ ಬರೆದವು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ತೋಟದ ಮನೆಗೆ ಬೇರೆಯೇ ಲೆಕ್ಕ ಬೇಕು.

ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ಇದಕ್ಕೆ ಸರಿ. ಏಪ್ರಿಲ್, ಮೇ ತಿಂಗಳ ದೊಡ್ಡ ರಜೆಗೆ ಮುಂದೂಡಬೇಡಿ. ಅದು ಸಿಡಿಲಿನ ಕಾಲ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಅಪಾಯ ಹೆಚ್ಚು. ಡೇರೆಯ ಬಟ್ಟೆ ಸಿಡಿಲಿನಿಂದ ಯಾರನ್ನೂ ಕಾಯುವುದಿಲ್ಲ. ಯಾವ ತಿಂಗಳಾದರೂ ಗುಡುಗು ಕೇಳಿದ ಕೂಡಲೇ ಎಲ್ಲರೂ ಮನೆಯೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯದೆ ಹೊರಗೆ ಬರಬಾರದು.

ಜಾಗ ನೋಡುವಾಗ ಮೊದಲು ತಲೆಯೆತ್ತಿ ನೋಡಿ. ತೆಂಗಿನ ಬುಡದಿಂದ ಕನಿಷ್ಠ 20 ಅಡಿ ದೂರವಿರಲಿ. ಕಾಯಿ ಮಾತ್ರವಲ್ಲ, ಒಣಗಿದ ಮಡಲು ಬಿದ್ದರೂ ಮಗುವಿಗೆ ಗಂಡಾಂತರ. ಅಡಿಕೆ ಮರದ ಹಾಳೆಯೂ ಹಾಗೆಯೇ, ಗಾಳಿಯಿಲ್ಲದ ರಾತ್ರಿಯಲ್ಲೂ ಕಳಚಿ ಬೀಳುತ್ತದೆ. ಆಮೇಲೆ ನೆಲ ನೋಡಿ. ಕಟ್ಟಿಗೆ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆ, ಮಣ್ಣು ಮೆತ್ತದ ಮುರಕಲ್ಲಿನ (ಕೆಂಪುಕಲ್ಲಿನ) ಕಟ್ಟ, ಹಟ್ಟಿಯ ಬೈಹುಲ್ಲು, ಇವೆಲ್ಲ ಇಲಿಯ ಮನೆಗಳು. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಒಣಗಲು ಹಾಕಿದ ಅಡಿಕೆಯನ್ನು ಒಂದು ಬದಿಗೆ ಸರಿಸಿ, ಗುಡಿಸಿದ ಅಂಗಳದ ನಡುವಿನ ಬೋಳು ಜಾಗವನ್ನೇ ಆರಿಸಿ.

ಅತಿ ಮುಖ್ಯವಾದದ್ದು ಹಾಸಿಗೆ. ನಮ್ಮಲ್ಲಿನ ಕಟ್ಟು ಹಾವು ರಾತ್ರಿ ಸಂಚರಿಸುತ್ತದೆ. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವ ಹಾವು ಅದು. ಕಚ್ಚಿದಲ್ಲಿ ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ, ಗುರುತು ಕೂಡ ಕಾಣದೆ ಇರಬಹುದು. ಆದ್ದರಿಂದ ನೆಲದ ಮೇಲೆ ಚಾಪೆ ಹಾಸಿ ಮಕ್ಕಳನ್ನು ಮಲಗಿಸಲೇಬಾರದು. ಎರಡರಲ್ಲಿ ಒಂದು ಮಾಡಿ: ಹರಿಯದ ತಳ ಮತ್ತು ಪೂರ್ತಿ ಮುಚ್ಚುವ ಜಿಪ್ ಇರುವ ಡೇರೆ, ಇಲ್ಲವೇ ಟರ್ಪಾಲಿನ ಮಾಡಿನ ಕೆಳಗೆ ಮಂಚ ಹಾಕಿ, ಸೊಳ್ಳೆಪರದೆಯ ಅಂಚನ್ನು ನಾಲ್ಕೂ ಸುತ್ತ ಹಾಸಿಗೆಯಡಿಗೆ ಸಿಕ್ಕಿಸುವುದು. ಎರಡನೆಯದೇ ನಮ್ಮ ಹವೆಗೆ ಉತ್ತಮ. ಹೊದಿಕೆಯಾಗಲಿ ಪರದೆಯಾಗಲಿ ನೆಲಕ್ಕೆ ಜೋತುಬಿದ್ದಿರಬಾರದು. ಡೇರೆಯಾದರೆ ಜಿಪ್ಪನ್ನು ಹಗಲಲ್ಲೂ ತೆರೆದಿಡಬೇಡಿ. ಸಂಜೆ ಆಡಿ ಹೋದ ಮಕ್ಕಳು ಬಾಗಿಲು ಹಾಕದೆ ಬಿಡುವುದರಿಂದಲೇ ತೊಂದರೆ ಶುರುವಾಗುತ್ತದೆ. ಮಲಗುವ ಮೊದಲು ಹಾಸಿಗೆ, ದಿಂಬುಗಳನ್ನು ಟಾರ್ಚ್ ಹಿಡಿದು ಕೊಡವಿ ನೋಡಬೇಕು.

"ಹಿಂದೆ ಎಲ್ಲರೂ ಅಂಗಳದಲ್ಲೇ ಮಲಗುತ್ತಿದ್ದರಲ್ಲ" ಎನ್ನುವವರಿದ್ದಾರೆ. ಹಾಗೆ ಮಲಗಿ ಕಡಿತಕ್ಕೆ ಸಿಕ್ಕಿದವರೂ ಆ ಕಾಲದಲ್ಲೇ ಇದ್ದರು. ಬೆಳಗ್ಗೆ ಮಗು ಹೊಟ್ಟೆನೋವು, ವಾಂತಿ ಎಂದರೆ, ಕಣ್ಣಿನ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ಗಾಯ ಹುಡುಕುತ್ತಾ ಕೂರಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಮಗುವನ್ನು ನಡೆಸದೆ, ಎತ್ತಿಕೊಂಡೇ ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಆಸ್ಪತ್ರೆ ಯಾವುದೆಂದು ಡೇರೆ ಹಾಕುವ ಮೊದಲೇ ವಿಚಾರಿಸಿಟ್ಟುಕೊಂಡಿರಬೇಕು. ಆಂಬುಲೆನ್ಸಿಗೆ 108.

ಟರ್ಪಾಲಿನ ಮಾಡಿಗೆ 12×12 ಅಡಿಯದು ಸಾಕು. ಎರಡು ಗಟ್ಟಿ ಕಂಬಗಳ ನಡುವೆ ಐದೂವರೆ ಅಡಿ ಎತ್ತರದಲ್ಲಿ ಹಗ್ಗ ಬಿಗಿದು, ಟರ್ಪಾಲನ್ನು ಸರಿ ಅರ್ಧಕ್ಕೆ ಇಳಿಬಿಟ್ಟು, ಅಂಚುಗಳನ್ನು ನೆಲದಿಂದ ಎರಡಡಿ ಮೇಲೆ ಎಳೆದು ಕಟ್ಟಿದರೆ ಒಂಬತ್ತೂವರೆ ಅಡಿಗಿಂತ ತುಸು ಹೆಚ್ಚು ಅಗಲ ಸಿಗುತ್ತದೆ. ಮುರ ಮಣ್ಣಿಗೆ ಗೂಟ ಇಳಿಯುವುದಿಲ್ಲ, ಒತ್ತಿ ಹೊಡೆದರೆ ಬಾಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕೆಂಪುಕಲ್ಲು ಇಟ್ಟು ಅದಕ್ಕೇ ಹಗ್ಗ ಕಟ್ಟಿ. ನೈಲಾನ್ ಹಗ್ಗ ಇಬ್ಬನಿಗೆ ನೆನೆದು ಸಡಿಲವಾಗುತ್ತದೆ, ಮಲಗುವ ಮುನ್ನ ಇನ್ನೊಮ್ಮೆ ಎಳೆದು ಕಟ್ಟಬೇಕು. ಎಳೆ ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ. ಕತ್ತಲಲ್ಲಿ ಮಕ್ಕಳು ಎಡವುವುದು ಅಲ್ಲಿಯೇ. ಎರಡು ತುದಿಗಳನ್ನು ಮುಚ್ಚಬೇಡಿ. ಗಾಳಿಯಾಡದಿದ್ದರೆ ಉಸಿರಿನ ತೇವವೇ ಪ್ಲಾಸ್ಟಿಕ್ಕಿಗೆ ಹಿಡಿದು ನಸುಕಿನಲ್ಲಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಡೇರೆ ಸೋರುತ್ತಿದೆ ಎಂದು ಜನ ತಿಳಿಯುವುದು ಇದನ್ನೇ.

ಸೊಳ್ಳೆಯ ಕೆಲಸ ಹತ್ತು ದಿನ ಮೊದಲೇ ಆಗಬೇಕು, ಮೊಟ್ಟೆ ಸೊಳ್ಳೆಯಾಗಲು ಸುಮಾರು ಅಷ್ಟೇ ದಿನ ಸಾಕು. ಬಿದ್ದ ಹಾಳೆ, ಗೆರಟೆ, ರಬ್ಬರ್ ಮರದ ಬಟ್ಟಲು, ಎಲ್ಲದರ ನೀರು ಚೆಲ್ಲಿ ಕವುಚಿಡಿ. ಡೆಂಗಿಯ ಸೊಳ್ಳೆ ಬೆಳಗ್ಗೆ ಮತ್ತು ಸಂಜೆ ಕಚ್ಚುವಂಥದ್ದು, ಹಾಗಾಗಿ ಡೇರೆ ಕಟ್ಟುವ ಹೊತ್ತಿಗೇ ಮಕ್ಕಳಿಗೆ ಉದ್ದ ತೋಳಿನ ಅಂಗಿ ಹಾಕಿರಬೇಕು. ಡೇರೆಯೊಳಗೆ ಸೊಳ್ಳೆಬತ್ತಿ, ಚಿಮಿಣಿ ದೀಪ, ಮೇಣದ ಬತ್ತಿ ಯಾವುದೂ ಕೂಡದು. ಚಾರ್ಜ್ ಮಾಡುವ ದೀಪವೊಂದನ್ನು ಹತ್ತಡಿ ಆಚೆ ಇಟ್ಟರೆ ಹುಳಗಳು ಅತ್ತ ಹೋಗುತ್ತವೆ. ಊಟ, ತಿಂಡಿ ಜಗಲಿಯಲ್ಲೇ ಮುಗಿಯಲಿ.

ಐದು ವರ್ಷದ ಮಗುವಿಗೆ ಭಯವಾಗುವುದು ಕತ್ತಲಿಗಿಂತ ಸದ್ದಿಗೆ. ಹಣ್ಣಡಿಕೆ ತೋಟದ ನೆಲಕ್ಕೆ ಬಿದ್ದಾಗಿನ ಟಪ್ ಸದ್ದು, ಗೂಬೆಯ ಕೂಗು, ದೂರದ ಭೂತಕೋಲದ ಚೆಂಡೆ, ಇವೆಲ್ಲ ಏನೆಂದು ಸಂಜೆಯೇ ಹೇಳಿಕೊಡಿ. ಒಂದು ಅಡಿಕೆಯನ್ನು ನೆಲಕ್ಕೆ ಎಸೆದು ತೋರಿಸಿದರೆ ಅರ್ಧ ಭಯ ಹೋಯಿತು. ಮನೆಯ ಬಾಗಿಲಿಗೆ ಚಿಲಕ ಹಾಕಬೇಡಿ. ಮಧ್ಯರಾತ್ರಿ ಒಳಗೆ ಹೋಗುತ್ತೇನೆಂದ ಮಗುವನ್ನು ಗೇಲಿ ಮಾಡದೆ ಕರೆದುಕೊಂಡು ಹೋಗಿ. ಎರಡು ಮೂರು ಮಕ್ಕಳಿಗೆ ಒಬ್ಬ ದೊಡ್ಡವರು ಜೊತೆಗೇ ಮಲಗಬೇಕು. ಮೂತ್ರಕ್ಕೆ ಏಳುವಾಗ ಟಾರ್ಚ್ ಹಿಡಿದು, ಚಪ್ಪಲಿ ಕೊಡವಿ ಹಾಕಿಸಬೇಕು.

ಡಿಸೆಂಬರ್ ಕೊನೆಯಲ್ಲಿ ರಾತ್ರಿ ಎಂಟು ಗಂಟೆಗೆ ದೀಪ ಆರಿಸಿದರೆ ಪೂರ್ವಕ್ಕೆ ಕೃತ್ತಿಕೆ, ರೋಹಿಣಿ, ಮೂರು ನಕ್ಷತ್ರ ಸಾಲಾಗಿರುವ ಮಹಾವ್ಯಾಧ ಕಾಣುತ್ತವೆ. ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ ಹನ್ನೆರಡೂವರೆ ಡಿಗ್ರಿಯಷ್ಟೇ ಮೇಲಿರುವುದರಿಂದ ತೋಟದ ನಡುವೆ ಹುಡುಕಿ ಪ್ರಯೋಜನವಿಲ್ಲ.

ಮುಳಿಯಾರು, ಕಾರಡ್ಕ, ದೇಲಂಪಾಡಿ ಭಾಗದಲ್ಲಿ ಆನೆ, ಚಿರತೆಯ ಓಡಾಟವಿರುವ ಕಡೆ ಮಾತ್ರ ಅಂಗಳವೂ ಬೇಡ. ಗ್ರಿಲ್ ಹಾಕಿದ ಜಗಲಿಯಲ್ಲಿ ಪರದೆ ಕಟ್ಟಿ ಮಲಗಿಸಿ, ಮಕ್ಕಳಿಗೆ ಅದೂ ಡೇರೆಯೇ. ರಜೆಗೆ ಮೊದಲು ನಡೆಯುವ ರಕ್ಷಕ ಶಿಕ್ಷಕ ಸಂಘದ ಸಭೆಗಳಲ್ಲಿ ಶಿಕ್ಷಕರು ಈ ಮಾತುಗಳನ್ನು ಹೆತ್ತವರ ಕಿವಿಗೆ ಹಾಕಬೇಕೆಂದು ವಿನಂತಿ.

– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ