ಗಿಡೋರಾನ ಕತ್ತು ಎತ್ತಿದವರಿಗೆ
ಟೋಕಿಯೊದ ಮಳಿಗೆ ಸಂಕೀರ್ಣವಾದ ನಕಾನೊ ಬ್ರಾಡ್‌ವೇಯಲ್ಲಿ, ಹಳೆಯ ಆಟಿಕೆಗಳ ಅಂಗಡಿಯೊಂದರ ಮುಂದೆ ನನ್ನ ಕಿಂಗ್ ಗಿಡೋರಾ ಗೊಂಬೆಯನ್ನು ಸರಿಪಡಿಸಿಕೊಟ್ಟ ಹಿರಿಯರೇ, ನಿಮಗೆ ಅನಂತ ಧನ್ಯವಾದಗಳು. 1964ರಲ್ಲಿ ಜಪಾನಿನ ಸಿನಿಮಾದಲ್ಲಿ ಗಾಡ್ಜಿಲ್ಲಾನ ಎದುರಾಳಿಯಾಗಿ ಮೊದಲು ತೆರೆಗೆ ಬಂದ ಈ ಮೂರು ತಲೆಯ ದೈತ್ಯನನ್ನು ಕುಶಲಕರ್ಮಿಯೊಬ್ಬರಿಗೆ ಹೇಳಿ ಮಾಡಿಸಿದ್ದೆ. ನಡುವಿನ ಕತ್ತಿನ ಕೀಲು ಸಡಿಲವಾಗಿ, ಚಿನ್ನದ ಬಣ್ಣದ ರಾಕ್ಷಸ ಮೇಷ್ಟರಿಂದ ಬೈಸಿಕೊಂಡ ಹುಡುಗನಂತೆ ತಲೆ ತಗ್ಗಿಸಿದ್ದ. ನೀವು ಅಂಗಡಿಯವರಿಂದ ಬಿಸಿನೀರು ಕೇಳಿ ತಂದು, ವಿನೈಲ್ ಪ್ಲಾಸ್ಟಿಕ್ ಮೆತ್ತಗಾಗುವವರೆಗೆ ಕತ್ತನ್ನು ಅದ್ದಿ, ಕೀಲನ್ನು ಮೆಲ್ಲನೆ ಹೊರತೆಗೆದಿರಿ. ಅದರ ಗುಂಡು ತುದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಸವರಿ, ಪೂರ್ತಿ ಒಣಗುವವರೆಗೆ ಕೈಯಲ್ಲೇ ಹಿಡಿದು ಕುಳಿತಿರಿ. ಜೇಬಿನಲ್ಲಿ ನೇಲ್ ಪಾಲಿಶ್ ಇಟ್ಟುಕೊಂಡು ತಿರುಗುವ ಅಜ್ಜನನ್ನು ನಾನು ಕಂಡದ್ದು ಅಂದೇ ಮೊದಲು! ಹಣ ಕೊಡಹೋದರೆ ಬೇಡವೆಂದು ಕೈಯಾಡಿಸಿ, ಹೆಸರನ್ನೂ ಹೇಳದೆ ಹೊರಟುಹೋದಿರಿ. ಈಗ ಮೂರೂ ತಲೆಗಳು ನೆಟ್ಟಗಿವೆ. ಕಷ್ಟಕಾಲವೇನಿದ್ದರೂ ಪಕ್ಕದ ಗಾಡ್ಜಿಲ್ಲಾನಿಗೆ.