ಕೊಠಡಿ ದುರಸ್ತಿ ಅನುದಾನ: ಅರ್ಜಿ ಕೊಡುವ ಮುನ್ನ

ಹಾವೇರಿ ತಾಲೂಕಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ನಮಸ್ಕಾರ. ವಿಧಾನಮಂಡಲದಲ್ಲಿ ಬಜೆಟ್ ಪಾಸಾದರೆ ರೊಕ್ಕ ಇಲಾಖೆಗೆ ಬಂತು ಅಷ್ಟೇ, ನಮ್ಮ ಶಾಲೆಗಲ್ಲ. ಶಾಲೆಯ ಹೆಸರು ಇಲಾಖೆಯ ಕ್ರಿಯಾಯೋಜನೆಯಲ್ಲಿ, ಅಂದರೆ ಕೈಗೆತ್ತಿಕೊಳ್ಳುವ ಕೆಲಸಗಳ ಪಟ್ಟಿಯಲ್ಲಿ, ಸೇರಬೇಕು. ಬರೇ ‘ಚಾವಣಿ ಸೋರುತ್ತದೆ’ ಎಂದು ಬರೆದ ಮನವಿ ಫೈಲಿನಲ್ಲೇ ಕೂರುತ್ತದೆ. ಸಮಿತಿ ಠರಾವಿನ ನಕಲು, ಯುಡೈಸ್ ಸಂಖ್ಯೆ (ಶಾಲೆಯ ಗುರುತಿನ ಸಂಖ್ಯೆ), ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ ಅಂದಾಜು ಪಟ್ಟಿ, ಸಿಮೆಂಟ್ ಉದುರಿ ಕಬ್ಬಿಣ ಕಾಣುವ ಜಾಗದ ಫೋಟೊ ಹಚ್ಚಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ; ಸ್ವೀಕೃತಿ ಮುದ್ರೆ ಮರೆಯಬೇಡಿ. ಒಂದು ಪ್ರತಿ ಶಾಸಕರಿಗೆ. ಬೆಳಗಾವಿ ಅಧಿವೇಶನಕ್ಕೆ ಮೊದಲೇ ಮುಟ್ಟಿಸಿದರೆ ಸದನದಲ್ಲಿ ಪ್ರಶ್ನೆ ಹಾಕಲು ಅವರಿಗೂ ಅನುಕೂಲ (ಕೊನೇ ದಿನ ಹೋದರೆ ಚಹಾ ಅಷ್ಟೇ ಸಿಗುತ್ತದೆ).

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಬರುವ ಶಾಲಾ ಅನುದಾನ 101ರಿಂದ 250 ಮಕ್ಕಳಿದ್ದಲ್ಲಿ ವರ್ಷಕ್ಕೆ 50,000 ರೂಪಾಯಿ, ಅದರಲ್ಲಿ ಶೇ 10 ಸ್ವಚ್ಛತೆಗೆ. ಇದರಲ್ಲಿ ಚಾವಣಿ ಆಗದು. ಬಿಚ್ಚಿದ ವೈರು, ಮುರಿದ ಗೇಟು ಆಗುತ್ತದೆ. ಅಪಾಯದ ಕೊಠಡಿಗೆ ಮಾತ್ರ ಮಂಜೂರಾತಿಗಾಗಿ ಕಾಯುತ್ತ ಕೂರದೆ ಈಗಲೇ ಬೀಗ ಹಾಕಿಸಿ.