ಒಪ್ಪಿಗೆ ಕೊಟ್ಟ ಚಿತ್ರವನ್ನು ಕೇಳದೆ ತಿದ್ದಿ ಮುದ್ರಿಸಿದ ಬಗ್ಗೆ ದೂರು

ಗೆ,
ಮಾಲೀಕರು,
ಬ್ಯಾನರ್ ಮುದ್ರಣದ ಅಂಗಡಿ, ಹಾಸನ

ಮಾನ್ಯರೇ,

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಎಕ್ಸ್-ರೇ ಕಿರಣಗಳನ್ನು ಒಂದೆಡೆ ಸೇರಿಸುವ ಲೆನ್ಸಿನ ಚಿತ್ರ ಬಿಡಿಸಿ, ನಿಮ್ಮಲ್ಲಿ ಎರಡು ಬಟ್ಟೆ ಬ್ಯಾನರ್ ಮಾಡಿಸಿದ್ದೆ. ಮಂಗಳವಾರ ವಾಟ್ಸಾಪಿನಲ್ಲಿ ಬಂದ ಪ್ರೂಫ್ ನೋಡಿ ಒಪ್ಪಿಗೆ ಕೊಟ್ಟೆ. 1,800 ರೂಪಾಯಿ ಪೂರ್ತಿ ಕಟ್ಟಿದೆ. ಗುರುವಾರ ಸುರುಳಿ ಬಿಚ್ಚಿದರೆ ಒಳಗಿರುವುದು ನನ್ನ ಚಿತ್ರವೇ ಅಲ್ಲ.

ಫೋನ್ ಮಾಡಿದಾಗ ನಿಮ್ಮ ಡಿಸೈನರ್ ಹುಡುಗ ಹೇಳಿದ್ದು ಇಷ್ಟು: "ಸಾರ್, ಲೆನ್ಸ್ ತಗ್ಗಾಗಿತ್ತು, ಉಬ್ಬಿಸಿದ್ದೀನಿ. ಬೆಳಕು ಒಂದು ಕಡೆ ಸೇರ್ಬೇಕಂದ್ರೆ ಉಬ್ಬೇ ಇರ್ಬೇಕಲ್ವಾ?" ಗಾಜಿನ ಲೆನ್ಸಿಗೆ ಅವನ ಮಾತು ಸರಿ. ಹತ್ತನೇ ಕ್ಲಾಸಿನ ಪಾಠ ಇನ್ನೂ ನೆನಪಿದೆಯಲ್ಲ ಅಂತ ಮೇಷ್ಟ್ರಾಗಿ ನನಗೆ ಖುಷಿಯೂ ಆಯಿತು. ಆದರೆ ನನ್ನ ಚಿತ್ರ ಎಕ್ಸ್-ರೇಯದ್ದು. ಅಲ್ಲಿ ಲೆಕ್ಕ ಉಲ್ಟಾ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತೇವೆ. ಗಾಳಿಯದ್ದು ಹೆಚ್ಚುಕಮ್ಮಿ ಒಂದು, ಗಾಜಿನದ್ದು 1.5ರ ಆಸುಪಾಸು. ನನ್ನ ಚಿತ್ರದ ಎಕ್ಸ್-ರೇಗೆ ಅಲ್ಯೂಮಿನಿಯಂನ ಸೂಚ್ಯಂಕ ಒಂದಕ್ಕಿಂತ ಚೂರೇ ಚೂರು ಕಮ್ಮಿ, ಹತ್ತು ಲಕ್ಷದಲ್ಲಿ ಸುಮಾರು 3 ಪಾಲು. ಹಾಗಾಗಿ ಕಿರಣಗಳನ್ನು ಸೇರಿಸುವುದು ತಗ್ಗು ಲೆನ್ಸು, ಪಾಠದ ಭಾಷೆಯಲ್ಲಿ ನಿಮ್ನ ಮಸೂರ. ಅವನು ಬಿಡಿಸಿದ ಉಬ್ಬು ಲೆನ್ಸು ಕಿರಣಗಳನ್ನು ಚದುರಿಸುತ್ತದೆ.

ಒಂದು ಲೆನ್ಸು ಬಾಗಿಸುವುದು ಅಷ್ಟು ಚೂರೇ ಆದ್ದರಿಂದ ಒಂದೇ ಸಾಲದು. 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಸ್ವತಃ ರಾಂಟ್‌ಜನ್ ಅವರಿಗೇ ಎಕ್ಸ್-ರೇ ಬಾಗಿದ್ದು ಕಾಣಲಿಲ್ಲ. 1996ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೋಟ್ರಾನಿನಲ್ಲಿ (ಬಲವಾದ ಎಕ್ಸ್-ರೇ ಹೊಮ್ಮಿಸುವ ದೊಡ್ಡ ಯಂತ್ರ) ಒಂದು ಅಲ್ಯೂಮಿನಿಯಂ ತುಂಡಿಗೆ ಸಾಲಾಗಿ 30 ತೂತು ಕೊರೆದರು. ಒಂದೊಂದೂ 0.6 ಮಿಲಿಮೀಟರ್ ಅಗಲ. ಎರಡು ತೂತುಗಳ ನಡುವೆ ಎರಡೂ ಬದಿ ತಗ್ಗಾಗಿ ಉಳಿದ ಲೋಹವೇ ಲೆನ್ಸು. 14 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣ ಸುಮಾರು 1.8 ಮೀಟರ್ ಆಚೆ 8 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 8 ಪಾಲು) ಅಗಲದ ಗೆರೆಯಾಗಿ ಸೇರಿತು. ನಿಮ್ಮವರು ನನ್ನ ಚಿತ್ರದಲ್ಲಿದ್ದ ಆ ತೂತುಗಳಿಗೇ ನೀಲಿ ತುಂಬಿ ಗಾಜು ಮಾಡಿದ್ದಾರೆ!

ಎರಡನೇ ಬ್ಯಾನರ್ ನೋಡಿ ಇನ್ನೂ ಬೇಜಾರಾಯಿತು. ಕಿರಣದ ಶಕ್ತಿ ಎರಡರಷ್ಟಾದರೆ ಬಾಗುವುದು ಕಾಲು ಪಾಲಿಗೆ ಇಳಿಯುತ್ತದೆ. 28 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣವನ್ನು ಅದೇ ದೂರದಲ್ಲಿ ಸೇರಿಸಲು 120 ತೂತು ಬೇಕು. ಒಂದು ಭಾನುವಾರ ಪೂರ್ತಿ ಕೂತು ಎಣಿಸಿ ಬಿಡಿಸಿದ್ದೆ. "ರಿಪೀಟ್ ಜಾಸ್ತಿ ಆಯ್ತು" ಅಂತ 12 ಉಳಿಸಿದ್ದಾರೆ. ತಲೆಬರಹದಲ್ಲಿ ಮಾತ್ರ 120 ಹಾಗೇ ಇದೆ. ಮಕ್ಕಳು ಎಣಿಸದೆ ಬಿಡುತ್ತಾರಾ? ಕೆಳಗೆ ಇನ್ನೊಂದು ಚಿತ್ರವಿತ್ತು. ಕಿರಣದ ಮೂಲವನ್ನು ಆ 1.8 ಮೀಟರ್ ದೂರದಲ್ಲಿಟ್ಟರೆ ಲೆನ್ಸು ದಾಟಿದ ಕಿರಣಗಳು ಸಮಾನಾಂತರವಾಗಿ ಸಾಗುತ್ತವೆ. ಅವನ್ನು ಚೆಂದಕ್ಕೆಂದು ಬೀಸಣಿಗೆ ಥರ ಹರಡಿದ್ದಾರೆ.

ಹುಡುಗನನ್ನು ಬೈಯಬೇಡಿ. ಒಪ್ಪಿಗೆ ಕೊಟ್ಟ ಮೇಲೂ ಕೇಳದೆ ಮುಟ್ಟುವ ನಿಮ್ಮ ಅಂಗಡಿಯ ಪದ್ಧತಿಯ ಮೇಲೆ ನನ್ನ ದೂರು. ಪ್ರದರ್ಶನ ಸೋಮವಾರ. ಮಂಗಳವಾರದ ಪ್ರೂಫ್ ಇದ್ದ ಹಾಗೇ ಎರಡನ್ನೂ ಶನಿವಾರ ಸಂಜೆಯೊಳಗೆ ಪುಕ್ಕಟೆ ಮುದ್ರಿಸಿ ಕೊಡಿ. ಆಗದಿದ್ದರೆ ನಾಳೆಯೇ ಹೇಳಿ, 1,800 ವಾಪಸ್ ಕೊಡಿ. ಚಾರ್ಟಿನ ಮೇಲೆ ಕೈಯಲ್ಲೇ ಬಿಡಿಸಲು ನನಗೆ ಎರಡು ದಿನವಾದರೂ ಬೇಕು.

ಇಂತಿ,
ಭೌತಶಾಸ್ತ್ರ ಉಪನ್ಯಾಸಕ, ಹಾಸನ